ಮದುವೆಯ ಮೊದಲ ಹಾಡು

(ಪವಿತ್ರ ಕುಟುಂಬದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ನಮ್ಮ ಮನೆಗಳಿಂದ ಹೋಗಿಲ್ಲ. ಗೋದಲಿಯ ದೀಪಗಳು ಉರಿಯುತ್ತಿವೆ. ಮಲಗಿರುವ ಬಾಲಯೇಸುವಿನ ಎಡಬಲದಲ್ಲಿ ಮರಿಯಮ್ಮನವರೂ ಸಂತ ಜೋಸೆಫರೂ ಇದ್ದಾರೆ. ಆ ಮೂವರನ್ನು ಒಂದು ಕುಟುಂಬವೆಂದು ಕಂಡು, ಅವರ ಮುಂದೆ ನಮ್ಮ ಕುಟುಂಬಗಳನ್ನು ತಂದು ನಿಲ್ಲಿಸುವ ದಿನವಿದು. ಜಗದ್ಗುರು 15ನೆಯ ಬೆನೆಡಿಕ್ಟರು 1921ರಲ್ಲಿ ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಅಂದಿನಿಂದ ಇಂದಿನವರೆಗೆ ನೂರು ವರ್ಷಗಳಿಗೂ ಮಿಕ್ಕಿ, ಈ ಹಬ್ಬ ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದೇ: ನಿಮ್ಮ ಮನೆ ಹೇಗಿದೆ?

ಇಂದು ಪೂಜೆಯ ಕೊನೆಯಲ್ಲಿ ಮದುವೆಯ ಪ್ರಕಟಣೆಗಳನ್ನು ಓದಲಿದ್ದೇವೆ. ಪಟ್ಟಿ ಉದ್ದವಿದೆ. ಆಗಮನ ಕಾಲ ಮುಗಿದಿದೆ, ತಪಸ್ಸು ಕಾಲ ಬರುವ ಮುನ್ನ ಮದುವೆಗಳು ನಡೆಯಬೇಕು. ಕೊಲ್ಲಿ ದೇಶಗಳಿಂದ ರಜೆಯ ಮೇಲೆ ಬಂದವರು ಮರಳುವ ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಮದುವೆಗೆ ಓಡಾಡುತ್ತಿದ್ದಾರೆ. ಹಾಲ್ ಆಯಿತೇ, ಊಟ ಆಯಿತೇ, ಕೇಕ್ ಯಾರದು, ವಿಡಿಯೋ ಯಾರದು, ಬ್ಯಾಂಡ್ ಯಾವುದು ಎಂದು ಮನೆಮನೆಯಲ್ಲೂ ಲೆಕ್ಕ ನಡೆದಿದೆ. ಈ ಗಡಿಬಿಡಿಯ ನಡುವೆ ಒಂದು ಚಿಕ್ಕ ಪ್ರಶ್ನೆಯೂ ಇದೆ. ವಧೂವರರ ಮೊದಲ ನೃತ್ಯಕ್ಕೆ ಯಾವ ಹಾಡು?

ಹಬ್ಬದ ದಿನ ಪ್ರಬೋಧನೆಯಲ್ಲಿ ಡ್ಯಾನ್ಸಿನ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿರಲಿ. ಇಂದಿನ ಎರಡನೆಯ ವಾಚನವನ್ನು ನೆನಪು ಮಾಡಿಕೊಳ್ಳೋಣ. ಸಂತ ಪೌಲರು ಕೊಲೊಸ್ಸೆಯ ಭಕ್ತರಿಗೆ ಕನಿಕರ, ದಯೆ, ದೀನತೆ, ಸೌಮ್ಯತೆ, ತಾಳ್ಮೆ ಇವುಗಳನ್ನು ಬಟ್ಟೆಯಂತೆ ತೊಟ್ಟುಕೊಳ್ಳಲು ಹೇಳುತ್ತಾರೆ. ಒಬ್ಬರನ್ನೊಬ್ಬರು ಕ್ಷಮಿಸಿರಿ ಎನ್ನುತ್ತಾರೆ. ಪತ್ನಿಯರಿಗೆ, ಪತಿಯರಿಗೆ, ಮಕ್ಕಳಿಗೆ ಒಂದೊಂದು ಬುದ್ಧಿಮಾತು ಹೇಳುತ್ತಾರೆ. ಆದರೆ ಆ ಬುದ್ಧಿಮಾತುಗಳಿಗೆ ಮುಂಚೆ ಪೌಲರು ಇನ್ನೊಂದು ವಿಷಯ ಎತ್ತುತ್ತಾರೆ, ಅದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಅದು ಹಾಡಿನ ವಿಷಯ. ಕೃತಜ್ಞತೆಯ ಮನಸ್ಸಿನಿಂದ ದೇವರಿಗೆ ಕೀರ್ತನೆಗಳನ್ನು ಹಾಡಿರಿ ಎಂದು ಹೇಳಿದ ಮೇಲೆಯೇ ಅವರು ಸಂಸಾರದ ಮಾತಿಗೆ ಬರುತ್ತಾರೆ. ಪೌಲರು ಹೇಳಿದ್ದು ಭಕ್ತಿಗೀತೆಗಳನ್ನು, ನಿಜ. ಆದರೆ ಮನೆಯಲ್ಲಿ ಏನು ಹಾಡುತ್ತೇವೆ, ಯಾವ ಮನಸ್ಸಿನಿಂದ ಹಾಡುತ್ತೇವೆ ಎಂಬುದು ಮನೆಯನ್ನು ರೂಪಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಹೇಳುತ್ತೇವೆ. ಆ ಕುಟುಂಬದವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೆಸರು, ಊರು ಬೇಡ.

ಮದುವೆಗೆ ಇನ್ನು ಹನ್ನೆರಡು ದಿನ ಇತ್ತು. ಒಂದು ಸಂಜೆ ಹುಡುಗಿ ಒಬ್ಬಳೇ ಗುರುಮನೆಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹುಡುಗಿ, ಗಟ್ಟಿ ಮನಸ್ಸಿನವಳು. ಆದರೆ ಕುರ್ಚಿಯಲ್ಲಿ ಕುಳಿತವಳೇ ಅಳತೊಡಗಿದಳು. ಏನಾಯಿತು ಮಗಳೇ ಎಂದು ಕೇಳಿದೆವು. "ಫಾದರ್, ಫಸ್ಟ್ ಡ್ಯಾನ್ಸಿಗೆ ಯಾವ ಹಾಡು ಅಂತ ಅವರ ಅಣ್ಣ ಬ್ಯಾಂಡಿನವರಿಗೆ ಹೇಳಿಯೂ ಆಗಿದೆ. ನನ್ನನ್ನು ಯಾರೂ ಕೇಳಲಿಲ್ಲ" ಎಂದಳು.

ನಾವು ತಪ್ಪು ಮಾಡಿದೆವು. ನಕ್ಕುಬಿಟ್ಟೆವು. ಇಷ್ಟಕ್ಕೆಲ್ಲಾ ಅಳುವುದೇ, ನಾಲ್ಕು ನಿಮಿಷದ ಹಾಡು ತಾನೇ ಎಂದು ಸಮಾಧಾನ ಮಾಡಹೊರಟೆವು. ಅವಳು ಕಣ್ಣೊರೆಸಿಕೊಂಡು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಫಾದರ್, ನಾಲ್ಕು ನಿಮಿಷಕ್ಕೇ ನನ್ನನ್ನು ಕೇಳದವರು, ನಲವತ್ತು ವರ್ಷ ಕೇಳುತ್ತಾರಾ?"

ಆಗ ನಮಗೆ ಅರ್ಥವಾಯಿತು. ಹಾಡು ಚಿಕ್ಕದು, ಪ್ರಶ್ನೆ ದೊಡ್ಡದು. ಈ ಮನೆಯಲ್ಲಿ ನಿರ್ಧಾರಗಳನ್ನು ಯಾರು ಮಾಡುತ್ತಾರೆ? ನನ್ನ ಮಾತಿಗೆ ಜಾಗ ಇದೆಯೇ? ಅವಳು ಕೇಳುತ್ತಿದ್ದದ್ದು ಇದನ್ನು.

ಮರುದಿನ ಇಬ್ಬರನ್ನೂ ಕರೆಸಿದೆವು. ಹುಡುಗ ದುಬೈಯಿಂದ ಬಂದು ಒಂದು ವಾರವಾಗಿತ್ತಷ್ಟೆ. ಮುಖ ಬಿಗಿದುಕೊಂಡು ಕುಳಿತಿದ್ದ. ಅಣ್ಣ ಹೇಳಿದ್ದು 'ಟೆನೆಸೀ ವಾಲ್ಟ್ಸ್' ಎಂಬ ಹಳೆಯ ಇಂಗ್ಲಿಷ್ ಹಾಡು. ಹುಡುಗಿಗೆ ಬೇಕಿದ್ದದ್ದು ಇತ್ತೀಚಿನ ಒಂದು ಹಾಡು. ನಿಶ್ಚಿತಾರ್ಥವಾದ ಮೇಲೆ ಒಂದು ವರ್ಷ ಅವನು ಅಲ್ಲಿ, ಇವಳು ಇಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು ಅವನೊಡನೆ ಫೋನಿನಲ್ಲಿ ಮಾತನಾಡಿದ ಮೇಲೆ ಇಬ್ಬರೂ ಅದೇ ಹಾಡನ್ನು ಕೇಳಿ ಮಲಗುತ್ತಿದ್ದರಂತೆ. ಅದು ತಮ್ಮಿಬ್ಬರ ಹಾಡು ಎಂದೇ ಅವಳು ತಿಳಿದಿದ್ದಳು.

ನಾವು ಹುಡುಗನನ್ನು ಒಂದೇ ಮಾತು ಕೇಳಿದೆವು: "ಆ ಹಳೆಯ ಹಾಡೇ ಯಾಕೆ?" ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದ: "ಅಪ್ಪ ಅಮ್ಮನ ಮದುವೆಗೆ ಅದೇ ಹಾಡು ಫಾದರ್. ಪ್ರತಿ ವರ್ಷ ಮದುವೆಯ ದಿನ ಅಪ್ಪ ಕ್ಯಾಸೆಟ್ ಹಾಕಿ ಅಡುಗೆಮನೆಗೆ ಹೋಗಿ ಅಮ್ಮನ ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಹಾಡು ಮನೆಯಲ್ಲಿ ಒಮ್ಮೆಯೂ ಕೇಳಿಲ್ಲ."

ಹುಡುಗಿ ಅವನ ಮುಖ ನೋಡಿದಳು. "ಇದನ್ನು ನನಗೆ ಹೇಳಲೇ ಇಲ್ಲವಲ್ಲ" ಎಂದಳು. "ನೀನು ಕೇಳಲಿಲ್ಲ" ಎಂದ ಅವನು. "ನೀನೂ ಕೇಳಲಿಲ್ಲ" ಎಂದಳು ಅವಳು. ಒಂದು ವರ್ಷ ದಿನವೂ ಮಾತನಾಡಿದ ಜೋಡಿ ಅದು. ಆದರೂ ಮಾತನಾಡದೆ ಉಳಿದಿದ್ದ ಮಾತು ಒಂದು ಹಾಡಿನ ನೆಪದಲ್ಲಿ ಹೊರಗೆ ಬಂತು.

ಸಹೋದರ ಸಹೋದರಿಯರೇ, ಈ ಸಂಗತಿಯನ್ನು ಇಲ್ಲಿಗೆ ನಿಲ್ಲಿಸಿ, ಸ್ವಲ್ಪ ಹಾಡುಗಳ ಕಡೆಗೆ ಹೋಗಿ ಮರಳಿ ಬರೋಣ. ಏಕೆಂದರೆ ನಮ್ಮ ಹಾಲುಗಳಲ್ಲಿ ಮೊಳಗುವ ಅನೇಕ ಹಾಡುಗಳ ಅರ್ಥವನ್ನು ನಾವು ಕೇಳಿಸಿಕೊಂಡೇ ಇಲ್ಲ.

ಈಗ ಹೇಳಿದ 'ಟೆನೆಸೀ ವಾಲ್ಟ್ಸ್' ಅನ್ನೇ ನೋಡಿ. ಪೀ ವೀ ಕಿಂಗ್ ಮತ್ತು ರೆಡ್ ಸ್ಟುವರ್ಟ್ ಎಂಬ ಅಮೆರಿಕದ ಇಬ್ಬರು ರಚಿಸಿದ ಈ ಹಾಡು, 1950ರಲ್ಲಿ ಪ್ಯಾಟಿ ಪೇಜ್ ಎಂಬ ಗಾಯಕಿಯ ದನಿಯಲ್ಲಿ ಲೋಕವನ್ನೆಲ್ಲಾ ಸುತ್ತಿತು. ಇಂಪಾದ ಹಾಡು. ಆದರೆ ಅದರ ಕಥೆ ಏನು? ಪ್ರಿಯಕರನೊಡನೆ ನೃತ್ಯ ಮಾಡುತ್ತಿದ್ದಾಗ ಹಳೆಯ ಗೆಳತಿ ಎದುರಾಗುತ್ತಾಳೆ, ಇವಳೇ ಪರಿಚಯ ಮಾಡಿಕೊಡುತ್ತಾಳೆ, ಆ ಗೆಳತಿ ಅವನನ್ನೇ ಕಸಿದುಕೊಳ್ಳುತ್ತಾಳೆ. ಅಂದರೆ ಮದುವೆಯ ಹಾಲಿನಲ್ಲಿ ನುಡಿಸುವುದು ಕೈತಪ್ಪಿದ ಪ್ರೀತಿಯ ಹಾಡನ್ನು!

'ಐ ವಿಲ್ ಆಲ್ವೇಸ್ ಲವ್ ಯೂ' ಎಂಬ ಹಾಡು ಹಲವರಿಗೆ ಗೊತ್ತು. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಒಂದು ಸಿನಿಮಾಕ್ಕಾಗಿ ಹಾಡಿದ ಮೇಲೆ ಮದುವೆಗಳಲ್ಲಿ ಅದಕ್ಕೆ ಬೇಡಿಕೆ ಹೆಚ್ಚಿತು. ಡಾಲಿ ಪಾರ್ಟನ್ ಅದನ್ನು ರಚಿಸಿ, 1974ರಲ್ಲಿ ಹೊರತಂದದ್ದು, ತನ್ನನ್ನು ಬೆಳೆಸಿದ ಕಾರ್ಯಕ್ರಮವನ್ನೂ ಅದರ ಯಜಮಾನನನ್ನೂ ಬಿಟ್ಟು ಹೊರಡುವಾಗ. ಅದು ವಿದಾಯದ ಹಾಡು. 1983ರ 'ಎವೆರಿ ಬ್ರೆತ್ ಯೂ ಟೇಕ್' ಇನ್ನೊಂದು. ರಾಗ ಮೃದು. ಆದರೆ ಅದರೊಳಗಿನ ಮನುಷ್ಯ, ತನ್ನನ್ನು ಬಿಟ್ಟುಹೋದವಳ ಪ್ರತಿಯೊಂದು ಚಲನವಲನದ ಮೇಲೂ ಕಣ್ಣಿಟ್ಟಿರುವವನು. ಇದು ಸೌಮ್ಯವಾದ ಪ್ರೇಮಗೀತೆಯಲ್ಲ ಎಂದು ಬರೆದ ಸ್ಟಿಂಗ್ ಅವರೇ ಹೇಳಿದ್ದಾರೆ. ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಫೋನನ್ನು ಕದ್ದು ನೋಡುವ ಗಂಡ, ಗಂಡ ಹತ್ತು ನಿಮಿಷ ತಡವಾದರೆ ನಾಲ್ಕು ಮನೆಗೆ ಫೋನ್ ಮಾಡುವ ಹೆಂಡತಿ, ಇಂಥವರು ಗುರುಮನೆಗೆ ಬಂದು ಕಣ್ಣೀರಿಟ್ಟದ್ದನ್ನು ನಾವು ಕಂಡಿದ್ದೇವೆ. ಕಾವಲು ಪ್ರೀತಿಯಲ್ಲ. ಮದುವೆಯ ಮೊದಲ ದಿನವೇ ಅಂಥ ಹಾಡಿಗೆ ಹೆಜ್ಜೆ ಹಾಕಬೇಕೇ?

ವಧು ಬರುವಾಗ ನುಡಿಸುವ ಪ್ರಸಿದ್ಧ ವಾದ್ಯಸಂಗೀತದ ಕಥೆಯೂ ಹೀಗೆಯೇ. ಅದು ವಾಗ್ನರ್ ಎಂಬ ಜರ್ಮನ್ ಸಂಗೀತಗಾರನ 'ಲೋಹೆನ್‌ಗ್ರಿನ್' ಎಂಬ ಗೀತನಾಟಕದ್ದು, 1850ರಲ್ಲಿ ಮೊದಲ ಪ್ರದರ್ಶನ. ಆ ನಾಟಕದಲ್ಲಿ ವರನ ಹೆಸರನ್ನು ಕೇಳಬಾರದೆಂಬ ಷರತ್ತು. ಸಂಶಯ ತಡೆಯಲಾರದೆ ವಧು ಆ ರಾತ್ರಿಯೇ ಕೇಳುತ್ತಾಳೆ, ಅವನು ಅವಳನ್ನು ಬಿಟ್ಟು ಹೋಗುತ್ತಾನೆ. ಆ ಮದುವೆ ಒಂದು ದಿನವೂ ಬಾಳಲಿಲ್ಲ.

ಇದನ್ನೆಲ್ಲ ಹೇಳಿದ್ದು ಯಾರ ಮದುವೆಯ ಆಲ್ಬಮ್ಮನ್ನೂ ಹಾಳುಮಾಡಲು ಅಲ್ಲ. ನಿಮ್ಮಲ್ಲಿ ಕೆಲವರು ಈಗ ಪಕ್ಕದಲ್ಲಿರುವವರ ಮುಖ ನೋಡಿ ನಗುತ್ತಿದ್ದೀರಿ, ನಮಗೆ ಕಾಣುತ್ತಿದೆ! ಹಾಡಿನ ಅರ್ಥ ತಪ್ಪಾಯಿತೆಂದು ಮದುವೆ ಕೆಡುವುದಿಲ್ಲ. ಆದರೆ ಒಂದು ಪಾಠವಿದೆ. ಹೆಸರು ಕೇಳಿ, ರಾಗ ಕೇಳಿ, ಹತ್ತು ಮಂದಿ ಹಾಕಿದ್ದಾರೆ ಎಂದು ಆರಿಸಿದರೆ ಹೀಗಾಗುತ್ತದೆ. ಹಾಡನ್ನು ಹೀಗೆ ಆರಿಸುವವರು ಉಳಿದದ್ದನ್ನೂ ಹೀಗೆಯೇ ಆರಿಸುವ ಅಪಾಯವಿದೆ.

ಹಾಗಾದರೆ ನೃತ್ಯವೇ ಬೇಡವೇ? ಹಾಗೆ ಹೇಳಲು ನಮಗೆ ಅಧಿಕಾರವಿಲ್ಲ. ಪ್ರಭು ಯೇಸು ಗಲಿಲೇಯದ ಕಾನಾ ಊರಿನ ಮದುವೆಗೆ ಹೋದರು. ತಪ್ಪಿಹೋದ ಮಗನ ಸಾಮತಿಯಲ್ಲಿ ಹಿರಿಯ ಮಗ ಹೊಲದಿಂದ ಬರುವಾಗ ಮನೆಯೊಳಗಿನಿಂದ ಗಾಯನ, ನರ್ತನದ ಸದ್ದು ಕೇಳಿಸಿತೆಂದು ಅವರೇ ಹೇಳಿದರು. ಮಗ ಮರಳಿ ಬಂದ ತಂದೆಯ ಮನೆಯಲ್ಲಿ ನೃತ್ಯವಿತ್ತು. ಮುಖ ಸಿಂಡರಿಸಿಕೊಂಡು ಹೊರಗೆ ನಿಂತವನು ಹಿರಿಯ ಮಗ. ನಾವು ಆ ಹಿರಿಯ ಮಗನಾಗುವುದು ಬೇಡ.

ಆದರೆ ದೇವಾಲಯ ಬೇರೆ, ಹಾಲ್ ಬೇರೆ. ವಿವಾಹ ಸಂಸ್ಕಾರದ ಬಲಿಪೂಜೆಯಲ್ಲಿ ಹಾಡುವ ಹಾಡುಗಳು ನಮ್ಮ ವಿಶ್ವಾಸಕ್ಕೆ ಹೊಂದಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದ ಮತ್ತು ಆರಾಧನಾವಿಧಿಯಿಂದ ಬಂದಿರಬೇಕು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ಸಿನಿಮಾ ಹಾಡನ್ನು ಪೂಜೆಯಲ್ಲಿ ಹಾಡಿಸಲು ಗಾಯನ ಮಂಡಳಿಯವರ ಮೇಲೆ ಒತ್ತಡ ಹಾಕಬೇಡಿ. ಹಾಲಿನಲ್ಲಿ ನಿಮಗೆ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ವಿವೇಕದಿಂದ ಬಳಸುವುದು ಹೇಗೆ ಎಂಬುದಷ್ಟೇ ನಮ್ಮ ಮಾತು.

ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ಕರಾವಳಿಯ ಮನೆಗಳಲ್ಲಿ ಮದುವೆಯ ಹಿಂದಿನ ದಿನ ರೋಸ್. ತೆಂಗಿನ ಹಾಲು ಹಚ್ಚುವಾಗ ಅನುಭವಿ ಹೆಂಗಸೊಬ್ಬರು ವೊವಿಯ ಮೊದಲ ಸಾಲನ್ನು ಎತ್ತಿಕೊಡುತ್ತಿದ್ದರು, ನೆರೆಕರೆಯವರೆಲ್ಲ ದನಿಗೂಡಿಸುತ್ತಿದ್ದರು. ದೇವರ ಸ್ಮರಣೆಯಿಂದ ಆರಂಭ, ಆಮೇಲೆ ವಧುವಿಗೆ ಹರಕೆ, ತಂದೆತಾಯಿಗೆ ಗೌರವ, ನಡುನಡುವೆ ತಮಾಷೆ. ಕೇಳಿಸಿಕೊಂಡವರಿಗೆಲ್ಲ ಅರ್ಥವಾಗುವ ಹಾಡು. ಗೋವೆಯ ಕ್ರೈಸ್ತರಲ್ಲಿ 19ನೆಯ ಶತಮಾನದಲ್ಲಿ ಬೆಳೆದ ಮಾಂಡೊ ಕೂಡ ಹಾಗೆಯೇ. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು, ಎದುರುಬದುರು ನಿಂತು ಪಿಟೀಲು ಮತ್ತು ಗುಮಟೆಯ ತಾಳಕ್ಕೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದರು. ಅಲ್ಲಿಯೂ ಮಾತು ಮುಖ್ಯ.

ಹಾಗಾದರೆ ಈಗಿನ ಮಕ್ಕಳು ಹಾಡನ್ನು ಹೇಗೆ ಆರಿಸಬೇಕು? ವಿವಾಹ ಸಿದ್ಧತಾ ಶಿಬಿರದಲ್ಲಿ ಹೇಳುವುದನ್ನೇ ಇಲ್ಲಿಯೂ ಹೇಳುತ್ತೇವೆ.

ಮೊದಲನೆಯದು, ಇಬ್ಬರೇ ಕುಳಿತು ಆರಿಸಿ. ಅಣ್ಣ, ಅಕ್ಕ, ಎಂ.ಸಿ., ವಿಡಿಯೋದವರು ಎಲ್ಲರೂ ಸಲಹೆ ಕೊಡಲಿ, ತೀರ್ಮಾನ ನಿಮ್ಮಿಬ್ಬರದು. ಒಬ್ಬೊಬ್ಬರೂ ಮೂರು ಹಾಡುಗಳ ಹೆಸರು ಬರೆಯಿರಿ. ಪಕ್ಕದಲ್ಲಿ ಏಕೆ ಎಂದು ಒಂದು ಸಾಲು ಬರೆಯಿರಿ. ಚೀಟಿ ಬದಲಾಯಿಸಿಕೊಂಡು ಓದಿ. ಆ ಒಂದು ಸಾಲಿನಲ್ಲಿ ನಿಮಗೆ ಗೊತ್ತಿಲ್ಲದ ಸಂಗತಿ ಇರಬಹುದು.

ಎರಡನೆಯದು, ಹಾಡಿನ ಮಾತುಗಳನ್ನು ಕೊನೆಯ ಸಾಲಿನವರೆಗೆ ಓದಿ, ಮನೆಯ ಭಾಷೆಯಲ್ಲಿ ಅರ್ಥ ಹೇಳಿಕೊಳ್ಳಿ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ಅದನ್ನು ನಾಚಿಕೆಯಿಲ್ಲದೆ ಹೇಳಬಲ್ಲಿರಾದರೆ ಆ ಹಾಡು ಆಗಬಹುದು.

ಮೂರನೆಯದು, ಇಂಗ್ಲಿಷೇ ಆಗಬೇಕೆಂದಿಲ್ಲ. ಕೊಂಕಣಿ ಮಾತನಾಡುವ ಮನೆಗಳಲ್ಲಿ 2010ರಲ್ಲಿ ನಮ್ಮನ್ನು ಅಗಲಿದ ವಿಲ್ಫಿ ರೆಬಿಂಬಸರ ಹಾಡುಗಳಿವೆ. ಕನ್ನಡದಲ್ಲಿ ದಾಂಪತ್ಯದ ಪ್ರೀತಿಗೆ ಹಾಡು ಕಡಿಮೆಯೇ? ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' 1942ರಲ್ಲಿ ಪ್ರಕಟವಾದ ಪುಸ್ತಕ. ಗಂಡ ಹೆಂಡತಿಯ ಸಲಿಗೆ, ಮುನಿಸು, ತವರಿನ ನೆನಪು, ಬಡತನದಲ್ಲೂ ಬತ್ತದ ಪ್ರೀತಿ ಎಲ್ಲವೂ ಅದರಲ್ಲಿದೆ. ಮದುವೆಯಾದವರಿಗೆ ಆ ಪುಸ್ತಕವನ್ನು ಉಡುಗೊರೆ ಕೊಡುತ್ತಿದ್ದ ಕಾಲವೊಂದಿತ್ತು. ಅದರ ಗೀತೆಗಳಿಗೆ ರಾಗ ಹಾಕಿ ಹಾಡಿದ್ದಾರೆ, ಅದೇ ಹೆಸರಿನ ಸಿನಿಮಾ 1992ರಲ್ಲಿ ಬಂತು. ಅಂಥ ಹಾಡಿಗೆ ಮೆಲ್ಲನೆ ನಾಲ್ಕು ಹೆಜ್ಜೆ ಹಾಕಿದರೆ ಯಾರೂ ನಗುವುದಿಲ್ಲ, ಹಾಲಿನ ಅರ್ಧ ಜನ ದನಿಗೂಡಿಸುತ್ತಾರೆ.

ನಾಲ್ಕನೆಯದು, ತಾಳ ನೋಡಿಕೊಳ್ಳಿ. ವಾಲ್ಟ್ಸ್ ಎಂದರೆ ಮೂರರ ಲೆಕ್ಕ, ಒಂದು ಎರಡು ಮೂರು. ನಾಲ್ಕರ ಲೆಕ್ಕದ ಹಾಡಿಗೆ ವಾಲ್ಟ್ಸ್ ಹೆಜ್ಜೆ ಕೂಡುವುದಿಲ್ಲ, ಕಾಲಿಗೆ ಕಾಲು ತಾಗುತ್ತದೆ. ಬ್ಯಾಂಡಿನವರಿಗೆ ಮುಂಚಿತವಾಗಿ ಹೇಳಿ, ಯಾವ ವೇಗದಲ್ಲಿ ನುಡಿಸುತ್ತಾರೆಂದು ಒಮ್ಮೆ ಕೇಳಿಸಿಕೊಳ್ಳಿ. ಮನೆಯ ಅಂಗಳದಲ್ಲಿ ಎರಡು ಸಂಜೆ ಅಭ್ಯಾಸ ಮಾಡಿ. ನೃತ್ಯ ಬಾರದವರಿಗೆ ನಾಲ್ಕು ನಿಮಿಷ ಬಹಳ ದೀರ್ಘ. ಎರಡು ನಿಮಿಷವಾದ ಮೇಲೆ ತಂದೆತಾಯಿಯರನ್ನೂ ಬಂಧುಗಳನ್ನೂ ಕರೆಯುವಂತೆ ಎಂ.ಸಿ.ಗೆ ಹೇಳಿಟ್ಟರೆ ಸಾಕು.

ಐದನೆಯದು, ಯಾರ ಕುರ್ಚಿ ಖಾಲಿಯಿದೆ ಎಂದು ನೋಡಿ. ತಂದೆಯಿಲ್ಲದ ವಧುವಿನ ಎದುರು ತಂದೆ ಮಗಳ ನೃತ್ಯವೆಂದು ಮೈಕಿನಲ್ಲಿ ಕೂಗಿದರೆ ಅವಳ ಎದೆಗೆ ಏನಾಗಬೇಡ? ಇದನ್ನು ಮೊದಲೇ ವಿಚಾರಿಸಿ ತಿಳಿದುಕೊಳ್ಳುವುದು ಎಂ.ಸಿ.ಯ ಕರ್ತವ್ಯ, ಮನೆಯವರ ಕರ್ತವ್ಯವೂ ಹೌದು.

ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಕುಟುಂಬಗಳಲ್ಲಿ ಮದುವೆಯಲ್ಲಿ ಜೋಡಿ ನೃತ್ಯ ಮಾಡುವ ರೂಢಿಯೇ ಇಲ್ಲ. ಹಾಲಿನವರ ಪ್ಯಾಕೇಜಿನಲ್ಲಿದೆ, ಪಕ್ಕದ ಮನೆಯವರು ಮಾಡಿದ್ದಾರೆ ಎಂದು ಬೆವರುತ್ತಾ ಕುಣಿಯುವ ಅಗತ್ಯವಿಲ್ಲ. ಇಬ್ಬರೂ ಕೈಹಿಡಿದು ನಿಂತು, ಬಂದವರೆಲ್ಲ ಸೇರಿ ಒಂದು ಹಾಡು ಹಾಡಿದರೂ ಅದು ಮದುವೆಯ ಹಾಡೇ.

ಪೋಪ್ ಫ್ರಾನ್ಸಿಸರು 2016ರಲ್ಲಿ ಪ್ರಕಟಿಸಿದ 'ಅಮೋರಿಸ್ ಲೆತೀಸಿಯಾ' ಎಂಬ ಪತ್ರದಲ್ಲಿ ಈ ವಿಷಯ ಬಂದಿದೆ. ಆಮಂತ್ರಣ, ಉಡುಪು, ಔತಣಗಳ ಗಡಿಬಿಡಿಯಲ್ಲಿ ಹಣದ ಜೊತೆಗೆ ಶಕ್ತಿಯೂ ಸಂತೋಷವೂ ಕರಗಿ, ವಧೂವರರು ದಣಿದು ಮದುವೆಗೆ ಬಂದು ನಿಲ್ಲುತ್ತಾರೆ ಎಂದು ಅವರು ಮರುಗುತ್ತಾರೆ. ಎಲ್ಲರಂತಲ್ಲದೆ ಸರಳವಾಗಿ ಮದುವೆಯಾಗುವ ಧೈರ್ಯ ಮಾಡಿ ಎಂದು ಹುರಿದುಂಬಿಸುತ್ತಾರೆ. ಅದೇ ಪತ್ರದಲ್ಲಿ, ನಿಂತ ನೀರು ಕೆಡುತ್ತದೆ, ಎಳೆಯ ಪ್ರೀತಿ ಭರವಸೆಯಿಂದ ನಾಳೆಯ ಕಡೆಗೆ ನರ್ತಿಸುತ್ತಲೇ ಇರಬೇಕು ಎಂಬ ಅರ್ಥದ ಮಾತನ್ನೂ ಬರೆದಿದ್ದಾರೆ. ನೃತ್ಯ ಹಾಲಿನಲ್ಲಿ ಮುಗಿಯುವುದಿಲ್ಲ, ಅಲ್ಲಿ ಆರಂಭವಾಗುತ್ತದೆ.

ಹಾಡಿನಿಂದ ಒಳ್ಳೆಯದಾಗುವುದಕ್ಕೂ ಒಂದು ಉದಾಹರಣೆ ಇದೆ. 1969ರಲ್ಲಿ ಅಮೆರಿಕದ ಗಾಯಕ ಪೀಟರ್ ಯಾರೋ ತಮ್ಮ ಮದುವೆಗೆ ಒಂದು ಹಾಡು ಬರೆದುಕೊಡುವಂತೆ ಜೊತೆಗಾರ ಪಾಲ್ ಸ್ಟೂಕಿಯವರನ್ನು ಕೇಳಿದರು. ಸ್ಟೂಕಿಯವರು ಪ್ರಾರ್ಥನೆ ಮಾಡಿ ಬರೆದರು. ತಂದೆತಾಯಿಯರನ್ನು ಬಿಟ್ಟು ಇಬ್ಬರು ಒಂದಾಗುವ ಪವಿತ್ರ ಗ್ರಂಥದ ಮಾತೂ, ಇಬ್ಬರು ಮೂವರು ಕೂಡಿದಲ್ಲಿ ಪ್ರಭು ಇರುವರೆಂಬ ಮಾತೂ ಅದರ ಆಧಾರ. 1971ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಬಂದು ಬಹಳ ಜನಪ್ರಿಯವಾಯಿತು. ಈ ಹಾಡು ತಮ್ಮದಲ್ಲ, ದೇವರಿಂದ ಬಂದದ್ದು ಎಂದು ಸ್ಟೂಕಿಯವರು ಅದರ ಹಣವನ್ನು ತಾವು ಇಟ್ಟುಕೊಳ್ಳದೆ, ಅದಕ್ಕಾಗಿ ಒಂದು ಪ್ರತಿಷ್ಠಾನ ಮಾಡಿ ಒಳ್ಳೆಯ ಕೆಲಸಗಳಿಗೆ ಕೊಟ್ಟರು. ಒಬ್ಬ ಗೆಳೆಯನ ಮದುವೆಗೆ ಬರೆದ ಹಾಡು ಎಷ್ಟೋ ಮದುವೆಗಳ ಹಾಡಾಯಿತು.

ಈಗ ಬಿಟ್ಟುಬಂದ ಕಥೆಗೆ ಮರಳೋಣ.

ಹುಡುಗನೂ ಹುಡುಗಿಯೂ ನಮ್ಮಲ್ಲಿಂದ ನೇರವಾಗಿ ಹುಡುಗನ ತಾಯಿಯ ಬಳಿಗೆ ಹೋದರು. ಆ ತಾಯಿ ಮಾರನೆಯ ದಿನ ಬೆಳಗಿನ ಪೂಜೆಯ ನಂತರ ನಮ್ಮೊಡನೆ ಮಾತನಾಡಿದರು. ಆ ಹಾಡಿನ ಅರ್ಥವನ್ನು ನಾವು ಮೆಲ್ಲನೆ ಹೇಳಿದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. "ಆ ಇಂಗ್ಲಿಷ್ ನಮಗೆಲ್ಲಿ ಗೊತ್ತಿತ್ತು ಫಾದರ್? ಇವನ ಅಪ್ಪ ನನ್ನ ಕಾಲು ತುಳಿದದ್ದು ಮಾತ್ರ ಗೊತ್ತು. ಪ್ರತಿ ವರ್ಷ ತುಳಿಯುತ್ತಿದ್ದರು, ಪ್ರತಿ ವರ್ಷ ಸಾರಿ ಎನ್ನುತ್ತಿದ್ದರು." ಆಮೇಲೆ ಹೇಳಿದರು: "ಆ ಹಾಡು ನಮ್ಮಿಬ್ಬರದು, ಅದು ನನ್ನ ಹತ್ತಿರ ಇರಲಿ. ಈ ಮಕ್ಕಳು ಅವರದ್ದನ್ನು ಹಾಕಿಕೊಳ್ಳಲಿ. ನಮ್ಮ ಹಾಡಿನ ಮೇಲೆ ಅವರು ಸಂಸಾರ ಮಾಡಲಿಕ್ಕೆ ಆಗುತ್ತದಾ?"

ಮದುವೆಯ ದಿನ ನಾವು ಹಾಲಿಗೆ ಹೋಗಿದ್ದೆವು. ಕೇಕ್ ಕತ್ತರಿಸಿದ್ದಾಯಿತು, ಟೋಸ್ಟ್ ಆಯಿತು. ಮಕ್ಕಳು ತಮ್ಮ ಹಾಡಿಗೆ ನರ್ತಿಸಿದರು. ಚೆನ್ನಾಗಿಯೇ ಇತ್ತು. ಹಾಡು ಮುಗಿಯಿತು ಎನ್ನುವಾಗ ಬ್ಯಾಂಡಿನವರು ನಿಲ್ಲಿಸಲಿಲ್ಲ. ಸ್ಯಾಕ್ಸೊಫೋನ್ ಒಂದೇ ಮೆಲ್ಲಗೆ ಇನ್ನೊಂದು ರಾಗ ಹಿಡಿಯಿತು. ಮಾತಿಲ್ಲ, ಬರಿಯ ರಾಗ. ಹಳೆಯ ವಾಲ್ಟ್ಸ್. ವರ ಅಲುಗಾಡದೆ ನಿಂತ, ಅವನಿಗೆ ಇದು ಗೊತ್ತಿರಲಿಲ್ಲ. ವಧು ಅವನ ಕೈ ಬಿಡಿಸಿಕೊಂಡು, "ಹೋಗಿ, ಅಮ್ಮನನ್ನು ಕರೆದುಕೊಂಡು ಬನ್ನಿ" ಎಂದಳು. ಬ್ಯಾಂಡಿನವರಿಗೆ ಹೇಳಿಟ್ಟವಳು ಅವಳೇ.

ಆ ತಾಯಿ ಎದ್ದು ಬಂದರು. ಮಗನ ಹೆಗಲ ಮೇಲೆ ಕೈಯಿಟ್ಟರು. ವರ್ಷಗಳಿಂದ ಆ ಮನೆಯಲ್ಲಿ ಮೌನವಾಗಿದ್ದ ಹಾಡು ಮತ್ತೆ ಬಂತು. ಹಾಲಿನಲ್ಲಿದ್ದವರಿಗೆ ಅದು ಇನ್ನೊಂದು ಹಳೆಯ ಹಾಡು ಅಷ್ಟೆ. ಗೊತ್ತಿದ್ದವರು ಕಣ್ಣೊರೆಸಿಕೊಂಡರು. ನಾವೂ.

ಪ್ರಿಯರೇ, ಆ ಹುಡುಗಿ ಗುರುಮನೆಯಲ್ಲಿ ಕೇಳಿದ್ದಳು, ನನ್ನನ್ನು ಕೇಳುತ್ತಾರಾ ಎಂದು. ಹನ್ನೆರಡು ದಿನಗಳಲ್ಲಿ ಅವಳನ್ನು ಕೇಳಿದರು. ಕೇಳಿಸಿಕೊಂಡವಳು ಪ್ರತಿಯಾಗಿ ಅವನ ಮನಸ್ಸಿನಲ್ಲಿದ್ದುದನ್ನು ಕೇಳಿಸಿಕೊಂಡಳು, ಅವನು ಬಾಯಿ ಬಿಡುವ ಮೊದಲೇ. ವಿವಾಹ ಸಂಸ್ಕಾರ ಎಂದರೆ ಇದೇ ಅಲ್ಲವೇ? ಕೆಟ್ಟ ಕಥೆಯ ಒಂದು ಹಾಡು ಆ ತಾಯಿ ತಂದೆಯರ ಕೈಯಲ್ಲಿ ನಂಬಿಗಸ್ತ ಪ್ರೀತಿಯ ಹಾಡಾಗಿತ್ತು. ಹಾಡಿನ ಮಾತು ಮುಖ್ಯ, ಅದಕ್ಕಿಂತ ಅದರ ಮೇಲೆ ಕಟ್ಟಿದ ಬಾಳು ಮುಖ್ಯ. ಕಾನಾ ಊರಿನಲ್ಲಿ ಬರಿಯ ನೀರು ಇದ್ದ ಬಾನೆಗಳಲ್ಲಿ ದ್ರಾಕ್ಷಾರಸ ತುಂಬಿದ ಪ್ರಭು ಇದನ್ನೂ ಮಾಡಬಲ್ಲರು.

ವಾಲ್ಟ್ಸಿನಲ್ಲಿ ಮೂರು ತಾಳ ಎಂದು ಹೇಳಿದೆವು. ಪೋಪ್ ಫ್ರಾನ್ಸಿಸರು 2015ರ ಮೇ ತಿಂಗಳಲ್ಲಿ ಕುಟುಂಬಗಳಿಗೆ ಮೂರು ಮಾತುಗಳನ್ನು ಕಲಿಸಿದರು. ಆಗಬಹುದೇ, ಉಪಕಾರವಾಯಿತು, ಕ್ಷಮಿಸು. ಮನೆಗೆ ಹೋಗಿ ಇವುಗಳನ್ನು ತಾಳದಂತೆ ಎಣಿಸಿ ನೋಡಿ. ಆಗಬಹುದೇ ಎಂದು ಕೇಳಿದ್ದರೆ ಆ ಹುಡುಗಿ ಅಳುತ್ತಿರಲಿಲ್ಲ. ಉಪಕಾರವಾಯಿತು ಎನ್ನುವಂತೆ ಅವಳು ಬ್ಯಾಂಡಿನವರ ಬಳಿ ಹೋದಳು. ಕ್ಷಮಿಸು ಎಂಬ ಮಾತನ್ನು ಅವನ ತಂದೆ ಪ್ರತಿ ವರ್ಷ ಹೆಂಡತಿಯ ಕಾಲು ತುಳಿದು ಹೇಳುತ್ತಿದ್ದರು. ನಜರೇತಿನ ಆ ಚಿಕ್ಕ ಮನೆಯಲ್ಲಿ ಯಾವ ವಾದ್ಯವಿತ್ತೋ ಯಾವ ಹಾಡಿತ್ತೋ ಶುಭಸಂದೇಶ ಹೇಳುವುದಿಲ್ಲ. ಆದರೆ ಅಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವವರಿದ್ದರು. ಕನಸಿನಲ್ಲಿ ಬಂದ ದೂತನ ಮಾತನ್ನು ಕೇಳಿಸಿಕೊಂಡ ಜೋಸೆಫರು, ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸಿದ ಮರಿಯಮ್ಮನವರು.

ಈ ಜನವರಿಯಲ್ಲಿ ಮದುವೆಯಾಗಲಿರುವ ಮಕ್ಕಳೇ, ಇಂದು ಸಂಜೆ ಹತ್ತು ನಿಮಿಷ ಕುಳಿತು ನಿಮ್ಮ ಹಾಡನ್ನು ಆರಿಸಿ. ಮದುವೆಯಾಗಿ ಇಪ್ಪತ್ತು, ಮೂವತ್ತು ವರ್ಷವಾದವರೇ, ಇಂದು ಹಬ್ಬದ ಊಟವಾದ ಮೇಲೆ ನಿಮ್ಮ ಹಳೆಯ ಹಾಡನ್ನು ಒಮ್ಮೆ ಹಾಕಿ. ಮಕ್ಕಳು ನಕ್ಕರೆ ನಗಲಿ. ಜೊತೆಗಾರರನ್ನು ಕಳೆದುಕೊಂಡವರೇ, ನಿಮ್ಮ ಹಾಡು ನಿಮ್ಮ ಬಳಿ ಇರಲಿ, ಅದನ್ನು ಪೂರ್ತಿ ಹಾಡುವ ದಿನವೊಂದಿದೆ ಎಂಬುದು ನಮ್ಮ ವಿಶ್ವಾಸ.

ಯೇಸು, ಮರಿಯ, ಜೋಸೆಫರು ನಿಮ್ಮ ಮನೆಗಳನ್ನು ಕಾಯಲಿ. ಆಮೆನ್.